ಆಟದಲ್ಲಿ ಅಡಗಿದ ಅಂಕಿತ

ಒಗಟು ಹೇಳುವವನಿಗೆ ಉತ್ತರ ಗೊತ್ತಿರುತ್ತದೆ. ಅದನ್ನು ಬಿಡಿಸುವ ಸಂತೋಷ ಕೇಳುವವನ ಪಾಲಿಗೆ ಮೀಸಲು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಬಯಲುಸೀಮೆಯವರಾದ ನಮಗೆ ಈ ಸಂತೋಷ ಹೊಸದೇನೂ ಅಲ್ಲ. ಹೊಲದ ಬದುವಿನಲ್ಲಿಯೋ ಊರ ಮುಂದಣ ಗುಡಿಯ ಬಳಿಯಲ್ಲಿಯೋ ನಿಂತಿರುವ ವೀರಗಲ್ಲನ್ನು ದಾರಿಹೋಕನು ಬರಿಯ ಕಲ್ಲೆಂದು ದಾಟಿಹೋಗುತ್ತಾನೆ. ಬಲ್ಲವನಾದರೋ ಅದರ ಕೆಳಗಿನ ಪಟ್ಟಿಯಲ್ಲಿ ಕಾಳಗವನ್ನೂ, ನಡುವಣ ಪಟ್ಟಿಯಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರನ್ನೂ, ಮೇಲಿನ ಪಟ್ಟಿಯಲ್ಲಿ ದೇವಸನ್ನಿಧಿಯನ್ನೂ, ನೆತ್ತಿಯಲ್ಲಿ ಸೂರ್ಯಚಂದ್ರರನ್ನೂ ಓದುತ್ತಾನೆ. ಕಲ್ಲು ಒಂದೇ, ನೋಡುವ ಕಣ್ಣು ಬೇರೆ.

ಇದೇ ಬಗೆಯ ಓದು ಈಗ ಇನ್ನೊಂದು ವಸ್ತುವಿನಲ್ಲಿಯೂ ನಡೆಯುತ್ತಿದೆ. ಅದು ನಮ್ಮ ಮಕ್ಕಳ ಕೈಯ ಮೊಬೈಲ್ ಫೋನಿನಲ್ಲಿ, ಕಂಪ್ಯೂಟರಿನ ತೆರೆಯ ಮೇಲೆ ಓಡಾಡುವ ವಿಡಿಯೋ ಆಟ. ಹಿರಿಯರಿಗೆ ಅದು ಕಾಲಹರಣವಾಗಿ ತೋರುವುದು ಸಹಜ. ಆದರೆ ಅನೇಕ ಆಟಗಳಲ್ಲಿ, ಗೆಲವು ಸೋಲುಗಳಿಗೆ ಸಂಬಂಧವೇ ಇಲ್ಲದ ಗುರುತುಗಳನ್ನು ನಿರ್ಮಾಪಕರು ಬೇಕೆಂದೇ ಅಡಗಿಸಿಟ್ಟಿರುತ್ತಾರೆ. ಕೆಲವು ಯಾವುದೋ ಚಲನಚಿತ್ರವನ್ನೋ ಹಳೆಯ ಆಟವನ್ನೋ ನೆನಪಿಸುವ ಸೂಚನೆಗಳು, ಕೆಲವು ನಿರ್ಮಾಪಕರು ತಮ್ಮ ತಮ್ಮಲ್ಲೇ ಆಡಿಕೊಂಡ ನಗೆಮಾತುಗಳು, ಕೆಲವು ರುಜುಗಳು. ಇವುಗಳಿಗೆ ‘ಈಸ್ಟರ್ ಮೊಟ್ಟೆ’ಗಳೆಂದು ಹೆಸರು. ಕ್ರೈಸ್ತರ ಈಸ್ಟರ್ ಹಬ್ಬದಲ್ಲಿ ಬಣ್ಣದ ಮೊಟ್ಟೆಗಳನ್ನು ತೋಟದಲ್ಲಿ ಬಚ್ಚಿಟ್ಟು ಮಕ್ಕಳಿಂದ ಹುಡುಕಿಸುವ ವಾಡಿಕೆಯಿಂದ ಈ ಹೆಸರು ಬಂದಿತು.

ಈ ಹೆಸರು ಹುಟ್ಟುವುದಕ್ಕೆ ಮೊದಲೇ ಇಂಥ ವಿನೋದವೊಂದು ಚಂದ್ರನ ಮೇಲೆ ನಡೆದಿತ್ತು! 1973ರಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಕಂಪ್ಯೂಟರಿಗಾಗಿ ಜಾಕ್ ಬರ್ನೆಸ್ ಎಂಬವರು ‘ಮೂನ್‌ಲ್ಯಾಂಡರ್’ ಎಂಬ ಆಟವನ್ನು ರಚಿಸಿದರು. ಚಂದ್ರನ ಗುರುತ್ವ ಭೂಮಿಯದರ ಆರನೆಯ ಒಂದು ಭಾಗ. ಆ ಸೆಳೆತಕ್ಕೆ ಎದುರಾಗಿ ಎಂಜಿನ್ನಿನ ತಳ್ಳುಬಲವನ್ನು ಹದವಾಗಿ ಬಳಸಿ, ಇಂಧನ ತೀರುವುದರೊಳಗೆ ನೌಕೆಯನ್ನು ಮೆಲ್ಲನೆ ಇಳಿಸಬೇಕು. ಅಪ್ಪಟ ಭೌತಶಾಸ್ತ್ರದ ಪಾಠವಿದು. ಆದರೆ ಸರಿಯಾದ ಒಂದು ಸ್ಥಳದಲ್ಲಿ ಇಳಿದರೆ ಅಲ್ಲೊಂದು ಮೆಕ್‌ಡೊನಾಲ್ಡ್ಸ್ ಉಪಾಹಾರಗೃಹ ಕಾಣಿಸುತ್ತಿತ್ತು. ಗಗನಯಾತ್ರಿಯು ನೌಕೆಯಿಂದಿಳಿದು ತಿಂಡಿಗಾಗಿ ಅತ್ತ ನಡೆಯುತ್ತಿದ್ದನು. ಆ ಅಂಗಡಿಯ ಹೆಸರನ್ನೇ ಕೇಳದವನಿಗೆ ಇದರಲ್ಲಿ ನಗುವುದಕ್ಕೆ ಏನಿದೆ? ಬರೆದವನಿಗೂ ನೋಡುವವನಿಗೂ ಒಂದೇ ಲೋಕದ ಪರಿಚಯವಿದ್ದಾಗ ಮಾತ್ರ ಒಳಹಾಸ್ಯವು ಹಾಸ್ಯವಾಗುತ್ತದೆ.

ಮುಂದಿನ ಕಥೆ ವಿನೋದದ್ದಲ್ಲ, ಒಬ್ಬ ಕೆಲಸಗಾರನ ಸ್ವಾಭಿಮಾನದ್ದು. ಅಟಾರಿ ಎಂಬ ಅಮೆರಿಕದ ಕಂಪನಿ 1977ರಲ್ಲಿ ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡುವ ಯಂತ್ರವೊಂದನ್ನು ಮಾರಾಟಕ್ಕೆ ತಂದಿತು. ಅದರ ಆಟಗಳನ್ನು ಒಬ್ಬೊಬ್ಬ ತಜ್ಞನೇ ಆದಿಯಿಂದ ಅಂತ್ಯದವರೆಗೆ ರಚಿಸುತ್ತಿದ್ದನು. ಆದರೂ ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರಲ್ಲದೆ ರಚಿಸಿದವನ ಹೆಸರು ಇರುತ್ತಿರಲಿಲ್ಲ. ಆಟ ಲಕ್ಷಗಟ್ಟಲೆ ಮಾರಾಟವಾದರೂ ಅವನಿಗೆ ಗೌರವಧನವಿಲ್ಲ, ತಿಂಗಳ ಸಂಬಳವಷ್ಟೆ. 1980ರಲ್ಲಿ ಹೊರಬಂದ ‘ಅಡ್ವೆಂಚರ್’ ಎಂಬ ಆಟವನ್ನು ರಚಿಸಿದ ವಾರೆನ್ ರಾಬಿನೆಟ್ ಇದನ್ನು ಸಹಿಸಲಾರದೆ, ಯಾರಿಗೂ ತಿಳಿಸದೆ, ಆಟದೊಳಗೆ ಒಂದು ಗುಪ್ತ ಕೋಣೆಯನ್ನು ಕಟ್ಟಿ, ಅದರಲ್ಲಿ ‘ಇದನ್ನು ರಚಿಸಿದವನು ವಾರೆನ್ ರಾಬಿನೆಟ್’ ಎಂಬ ಅರ್ಥದ ಅಕ್ಷರಗಳನ್ನು ಮಿನುಗಿಸಿದರು.

ಆ ಕೋಣೆಯ ಕೀಲಿಕೈ ಒಂದು ಬೂದು ಚುಕ್ಕೆ. ಅದರ ಬಣ್ಣವೂ ಅದು ಅಡಗಿದ್ದ ಸ್ಥಳದ ಹಿನ್ನೆಲೆಯ ಬಣ್ಣವೂ ಒಂದೇ. ನಮ್ಮ ಕಣ್ಣು ಕಾಣುವುದು ವಸ್ತುವನ್ನಲ್ಲ, ವಸ್ತುವಿಗೂ ಅದರ ಹಿನ್ನೆಲೆಗೂ ಇರುವ ವ್ಯತ್ಯಾಸವನ್ನು. ವ್ಯತ್ಯಾಸವಿಲ್ಲದೆಡೆ ಕಣ್ಣೆದುರಿನ ವಸ್ತುವೂ ಇಲ್ಲದಂತೆಯೇ. ಪಾವಗಡದ ಬಳಿ ಸುಮಾರು 13,000 ಎಕರೆಯಲ್ಲಿ ಹಬ್ಬಿರುವ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವನ್ನು ನೋಡಿದವರು ಇದನ್ನು ಸುಲಭವಾಗಿ ಊಹಿಸಬಲ್ಲರು. ಆ ಫಲಕಗಳ ಸಾಲಿನಲ್ಲಿ ಒಂದೇ ಒಂದು ಫಲಕದ ಕೆಳಗೆ ನಿಮ್ಮ ಹೆಸರನ್ನು ಬರೆದಿಟ್ಟರೆ ಹುಡುಕುವವರು ಯಾರು?

ಆ ಚುಕ್ಕೆಯನ್ನು ಬೇರೆ ಎರಡು ವಸ್ತುಗಳೊಡನೆ ಒಂದು ನಿರ್ದಿಷ್ಟ ಓಣಿಯ ಕೊನೆಗೆ ಒಯ್ಯಬೇಕಾಗಿತ್ತು. ಏಕಕಾಲದಲ್ಲಿ ಕೆಲವೇ ವಸ್ತುಗಳನ್ನು ತೋರಿಸುವ ಶಕ್ತಿ ಆ ಯಂತ್ರಕ್ಕಿತ್ತು. ಹೆಚ್ಚಾದರೆ ಅವುಗಳನ್ನು ಸರದಿಯಂತೆ ತೋರಿಸುತ್ತಿತ್ತು, ಆದುದರಿಂದ ಅವು ಮಿಟುಕಿದಂತೆ ಕಾಣುತ್ತಿದ್ದುವು. ವಸ್ತುಗಳು ಅಲ್ಲಿ ಸೇರಿದಾಗ ಓಣಿಯ ಗೋಡೆಯೇ ಮಿಟುಕಲಾರಂಭಿಸಿ, ಆಟಗಾರನು ಅದನ್ನು ದಾಟಿ ಹೋಗಬಹುದಾಗಿತ್ತು. ಆ ಆಟದ ಇಡೀ ರಚನೆಗೆ ಇದ್ದ ಸ್ಥಳ 4,096 ಬೈಟುಗಳು ಮಾತ್ರ. ಇಂದಿನ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟುಗಳು ಬೇಕು. ಎಂದರೆ ಈ ಲೇಖನದ ಕಾಲು ಭಾಗವೂ ಅದರಲ್ಲಿ ಹಿಡಿಯಲಾರದು. ಅಷ್ಟು ಇಕ್ಕಟ್ಟಿನಲ್ಲಿಯೂ ರಾಬಿನೆಟ್ ಸುಮಾರು ಇಪ್ಪತ್ತರಲ್ಲೊಂದು ಪಾಲನ್ನು ತಮ್ಮ ಹೆಸರಿಗಾಗಿ ತೆಗೆದಿಟ್ಟರು.

ಸಾಲ್ಟ್ ಲೇಕ್ ಸಿಟಿಯ 15 ವರ್ಷದ ಹುಡುಗನೊಬ್ಬನು ಇದನ್ನು ಕಂಡುಹಿಡಿದು ಕಂಪನಿಗೆ ಪತ್ರ ಬರೆದನು. ಅಷ್ಟರಲ್ಲಿ ರಾಬಿನೆಟ್ ಕೆಲಸ ಬಿಟ್ಟಿದ್ದರು. ಕೋಣೆಯನ್ನು ಅಳಿಸುವುದು ವೆಚ್ಚದ ಕೆಲಸವಾಗಿತ್ತು. ಇದು ಈಸ್ಟರ್ ಮೊಟ್ಟೆಯ ಹಾಗೆ, ಇರಲಿ ಬಿಡಿ ಎಂದವರು ಅಟಾರಿಯ ಅಧಿಕಾರಿ ಸ್ಟೀವ್ ರೈಟ್. ಹೆಸರು ಹೀಗೆ ನಿಂತಿತು. ಇತ್ತ, ಇಂಥದೇ ಅಸಮಾಧಾನದಿಂದ ಹೊರಬಂದ ಅಟಾರಿಯ ಕೆಲವರು 1979ರಲ್ಲಿ ಆಕ್ಟಿವಿಷನ್ ಎಂಬ ಕಂಪನಿಯನ್ನು ಸ್ಥಾಪಿಸಿ, ಆಟವನ್ನು ರಚಿಸಿದವರ ಹೆಸರನ್ನು ಬಹಿರಂಗವಾಗಿಯೇ ಮುದ್ರಿಸತೊಡಗಿದರು.

ಇದನ್ನು ಓದುವಾಗ ಕನ್ನಡಿಗನ ಮನಸ್ಸು ಬೇಲೂರಿನತ್ತ ಹರಿಯದಿರದು. 12ನೆಯ ಶತಮಾನದ ಆ ಗುಡಿಯ ಶಿಲ್ಪಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳಿವೆ. ಮುಂದಿನ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಹೊಯ್ಸಳರ ಶಿಲ್ಪಿ ಮೂರ್ತಿಯ ಪೀಠದಲ್ಲಿ ಎಲ್ಲರಿಗೂ ಕಾಣುವಂತೆ ಕೆತ್ತಿದ್ದನ್ನು, ಎಂಟು ನೂರು ವರ್ಷಗಳ ತರುವಾಯ ವಿದ್ಯುತ್‌ಶಿಲ್ಪಿಯೊಬ್ಬನು ಕಳ್ಳನಂತೆ ಬಚ್ಚಿಡಬೇಕಾಯಿತು!

ರಾಬಿನೆಟ್ಟರ ಗುಪ್ತ ಕೋಣೆಯೇ ಮೊದಲನೆಯ ಮೊಟ್ಟೆಯೆಂದು ಬಹುಕಾಲ ನಂಬಲಾಗಿತ್ತು. 2017ರಲ್ಲಿ ಎಡ್ ಫ್ರೈಸ್ ಎಂಬವರು, 1977ರ ‘ಸ್ಟಾರ್‌ಶಿಪ್ 1’ ಎಂಬ ಆಟದಲ್ಲಿ ಗುಂಡಿಗಳನ್ನು ಒಂದು ನಿರ್ದಿಷ್ಟ ಕ್ರಮದಲ್ಲಿ ಒತ್ತಿದರೆ ರಾನ್ ಎಂಬ ಹೆಸರಿಗೆ ನಮಸ್ಕಾರ ಮೂಡುವುದೆಂದು ತೋರಿಸಿಕೊಟ್ಟರು. ಅದರ ಕರ್ತೃ ರಾನ್ ಮಿಲ್ನರ್. 40 ವರ್ಷಗಳ ಕಾಲ ಅದು ಲೋಕದ ಕಣ್ಣಿಗೆ ಬಿದ್ದಿರಲಿಲ್ಲ. ವಿಜ್ಞಾನದಲ್ಲಿ ಹೇಗೋ ಹಾಗೆಯೇ ಇಲ್ಲಿಯೂ, ‘ಮೊದಲನೆಯದು’ ಎಂದರೆ ‘ಈವರೆಗೆ ತಿಳಿದವುಗಳಲ್ಲಿ ಮೊದಲನೆಯದು’ ಎಂದೇ ಅರ್ಥ.

ಕಂಡದ್ದೆಲ್ಲವೂ ಗುಪ್ತ ಗುರುತಲ್ಲ ಎಂಬುದನ್ನೂ ಮರೆಯಬಾರದು. 1992ರ ‘ಮಾರ್ಟಲ್ ಕಾಂಬ್ಯಾಟ್’ ಎಂಬ ಆಟದ ಲೆಕ್ಕಪಟ್ಟಿಯಲ್ಲಿ ‘ಎರ್ಮ್ಯಾಕ್ಸ್’ ಎಂಬ ಶಬ್ದವಿತ್ತು. ಅದು ತಂತ್ರಜ್ಞರು ದೋಷಗಳನ್ನು ಎಣಿಸಲು ಬಳಸಿದ ಸಂಕ್ಷೇಪ. ಆಟಗಾರರು ಮಾತ್ರ ಎರ್ಮ್ಯಾಕ್ ಎಂಬ ರಹಸ್ಯ ಯೋಧನಿದ್ದಾನೆಂದು ಗುಲ್ಲೆಬ್ಬಿಸಿದರು. ಗಾಳಿಮಾತು ಎಷ್ಟು ಬೆಳೆಯಿತೆಂದರೆ, 1995ರ ಆಟದಲ್ಲಿ ನಿರ್ಮಾಪಕರು ಆ ಯೋಧನನ್ನು ನಿಜವಾಗಿಯೇ ಸೃಷ್ಟಿಸಿಬಿಟ್ಟರು!

ಹಾಗಾದರೆ ದಿಟವನ್ನು ಸಟೆಯಿಂದ ಬೇರ್ಪಡಿಸುವುದು ಹೇಗೆ? ಒಬ್ಬನು ಕಂಡದ್ದನ್ನು, ಅದೇ ಕ್ರಮದಲ್ಲಿ ಆಡಿದ ಇನ್ನೊಬ್ಬನೂ ಕಾಣಬೇಕು; ಇದು ಮೊದಲನೆಯ ಪರೀಕ್ಷೆ. ಅದು ಆಕಸ್ಮಿಕವಾಗಿ ಘಟಿಸುವ ಸಂಭವವೆಷ್ಟೆಂದು ಎಣಿಸುವುದು ಎರಡನೆಯದು. 1986ರ ‘ಗ್ರೇಡಿಯಸ್’ ಆಟವನ್ನು ಪರೀಕ್ಷಿಸುವಾಗ ಅದು ತೀರ ಕಠಿನವೆನಿಸಿದ್ದರಿಂದ ಜಪಾನಿನ ಕಜುಹಿಸಾ ಹಾಶಿಮೋಟೊ ಹತ್ತು ಒತ್ತುಗಳ ಗುಪ್ತಸೂತ್ರವೊಂದನ್ನು ಇರಿಸಿದರು: ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಆರು ಗುಂಡಿಗಳನ್ನು ಹತ್ತು ಬಾರಿ ಒತ್ತುವ ಕ್ರಮಗಳು ಒಟ್ಟು 6,04,66,176. ಐದು ಸೆಕೆಂಡಿಗೆ ಒಂದರಂತೆ ಹಗಲಿರುಳು ಪ್ರಯತ್ನಿಸಿದರೂ ಎಲ್ಲವನ್ನೂ ಮುಗಿಸಲು ಒಂಬತ್ತೂವರೆ ವರ್ಷ ಹಿಡಿದೀತು. ಇಂಥ ಸೂತ್ರಕ್ಕೆ ಯಂತ್ರ ಓಗೊಟ್ಟಿತೆಂದರೆ, ಅಲ್ಲೊಬ್ಬ ಮನುಷ್ಯನ ಉದ್ದೇಶವಿದೆಯೆಂದು ಧೈರ್ಯವಾಗಿ ಹೇಳಬಹುದು.

ಮೂರನೆಯ ಪರೀಕ್ಷೆಗೆ ನಾವು ಹೊರಗಿನಿಂದ ತರುವ ತಿಳಿವೇ ಒರೆಗಲ್ಲು. 2017ರಲ್ಲಿ ಅಮೆರಿಕದ ನಾಟಿ ಡಾಗ್ ಸಂಸ್ಥೆ ಹೊರತಂದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಆಟ ನಡೆಯುವುದು ನಮ್ಮ ಪಶ್ಚಿಮ ಘಟ್ಟಗಳಲ್ಲಿ. ಹೊಯ್ಸಳರು ಬಚ್ಚಿಟ್ಟರೆನ್ನುವ ಗಣೇಶನ ದಂತವನ್ನು ನಾಯಿಕೆ ಅರಸುತ್ತಾಳೆ. ಗಣೇಶನ ದಂತ ಮುರಿದ ಪರಶುರಾಮನ ಕೊಡಲಿಯ ಕಥೆಯನ್ನು ಆಟ ನೆನಪಿಸಿದಾಗ, ಅಜ್ಜಿಯ ಬಾಯಲ್ಲಿ ಅದನ್ನು ಕೇಳಿದ ಮಗುವಿಗೆ ಬೇರೆ ವಿವರಣೆ ಬೇಡ. ಆ ಕಥೆಯಲ್ಲಿ ಹಳೇಬೀಡು ಶತ್ರುಗಳ ಕಣ್ಣಿಗೆ ಮಣ್ಣೆರಚುವ ತೋರಿಕೆಯ ಊರು, ಬೇಲೂರೇ ನಿಜವಾದ ರಾಜಧಾನಿ. ಇತಿಹಾಸ ಬಲ್ಲವನು ಇಲ್ಲಿ ಮುಗುಳ್ನಗುತ್ತಾನೆ. ಹೊಯ್ಸಳರ ಕಾಲದಲ್ಲಿ ಆ ನಗರದ ಹೆಸರು ದೋರಸಮುದ್ರ. ‘ಹಳೆಯ ಬೀಡು’ ಎಂಬುದು ಅದು ಹಾಳಾದ ಮೇಲೆ ಬಂದ ಹೆಸರು. ತನ್ನ ಕಾಲದ ನಗರವನ್ನೇ ‘ಹಳೆಯದು’ ಎಂದು ಕರೆಯುವ ಅರಸನುಂಟೆ? ಇದು ನಿರ್ಮಾಪಕರು ಅಡಗಿಸಿದ ಹಾಸ್ಯವಲ್ಲ. ಕನ್ನಡ ಬಲ್ಲವನಿಗೆ ಮಾತ್ರ ದೊರಕುವ ಹಾಸ್ಯ. ಅದೇ ಸಂಸ್ಥೆಯ 2016ರ ‘ಅನ್‌ಚಾರ್ಟೆಡ್ 4’ರಲ್ಲಿ ನಾಯಕನು ಮನೆಯಲ್ಲಿ ಕುಳಿತು, ಆ ಸಂಸ್ಥೆಯವರೇ 1996ರಲ್ಲಿ ರಚಿಸಿದ ‘ಕ್ರ್ಯಾಶ್ ಬ್ಯಾಂಡಿಕೂಟ್’ ಆಟವನ್ನು ಆಡುತ್ತಾನೆ. ಅದು ಉದ್ದೇಶಪೂರ್ವಕವಾದ ಒಳಹಾಸ್ಯ. ಇವೆರಡರ ಅಂತರವನ್ನು ಗುರುತಿಸುವುದೇ ಜಾಣತನ.

ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳಲ್ಲಿ ಅನೇಕರು ಇಂಥ ಗುರುತುಗಳ ಸಿದ್ಧಪಟ್ಟಿಯನ್ನು ಮೊದಲೇ ನೋಡಿ, ಆಮೇಲೆ ಆಟಕ್ಕೆ ತೊಡಗುವುದನ್ನು ಕಂಡಿದ್ದೇನೆ. ಉತ್ತರ ಕೇಳಿಕೊಂಡು ಒಗಟು ಬಿಡಿಸಿದ ಹಾಗಾಯಿತು ಅದು. ಇರಬಾರದೆಡೆ ಇರುವ ಒಂದು ಚುಕ್ಕೆಯನ್ನು ಕಂಡು, ‘ಇದೇಕೆ ಇಲ್ಲಿದೆ?’ ಎಂದು ಕೇಳಿ, ಊಹಿಸಿ, ಪರೀಕ್ಷಿಸಿ ನೋಡುವ ಅಭ್ಯಾಸವಿದೆಯಲ್ಲ, ಪ್ರಯೋಗಶಾಲೆಯಲ್ಲಿ ನಾವು ಕಲಿಸಲು ಹೆಣಗುವುದು ಅದನ್ನೇ.

ಇನ್ನೊಂದು ಮಾತು. ನಮ್ಮ ರಾಜಧಾನಿ ಬೆಂಗಳೂರಿನಲ್ಲಿಯೇ ಈ ಶಿಲ್ಪಶಾಲೆಗಳಿವೆ. 1997ರಲ್ಲಿ ಅಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆ ಎಷ್ಟೋ ವಿದೇಶೀ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟು, 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕಂಪನಿಯನ್ನು ಸೇರಿತು. ಆ ಕಂಪನಿಯ 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ ಎಂಬ ಪ್ರಸಿದ್ಧ ಆಟದಲ್ಲಿ ಅದರ ಬೆಂಗಳೂರು ಶಾಖೆಯ ಕೆಲಸವೂ ಸೇರಿದೆ. ಇಂದು ಯಾರೂ ಹೆಸರನ್ನು ಬಚ್ಚಿಡಬೇಕಾಗಿಲ್ಲ. ಆಟ ಮುಗಿದ ಮೇಲೆ ಸಾವಿರಾರು ಹೆಸರುಗಳು ತೆರೆಯ ಮೇಲೆ ಹಾಯುತ್ತವೆ. ಆದರೆ ಓದುವ ತಾಳ್ಮೆ ಎಷ್ಟು ಜನಕ್ಕಿದೆ? ಎಲ್ಲರೆದುರಿಗೆ ಇದ್ದೂ ಯಾರ ಕಣ್ಣಿಗೂ ಬೀಳದ ಆ ಸಾಲುಗಳೇ ಇಂದಿನ ಬೂದು ಚುಕ್ಕೆಗಳು. ಮುಂದಿನ ಸಲ ಆಟ ಮುಗಿದಾಗ ಫೋನನ್ನೋ ಯಂತ್ರವನ್ನೋ ತಟ್ಟನೆ ಆರಿಸದೆ ಅವುಗಳನ್ನು ಓದಿ ನೋಡಿರಿ. ನಮ್ಮ ನಾಡಿನ ಹೆಸರೊಂದು ಅಲ್ಲಿ ಹಾದುಹೋದೀತು.