ಪತ್ತನಾಜೆಗೆ ಮಲಗಿದ ಕಾರು

ಲಿಂಬೆಹಣ್ಣು ಒಡೆಯಲೇ ಇಲ್ಲ.

ಆಯುಧಪೂಜೆಯ ಬೆಳಗ್ಗೆ, ಪೆರಾಬೆಯಲ್ಲಿ ಚಿಕ್ಕಪ್ಪನ ಮನೆಯ ಅಂಗಳ. ಶೆಡ್ಡಿನ ಬಾಯಲ್ಲಿ ನಿಂತ ಸಣ್ಣ ಪೆಟ್ರೋಲ್ ಕಾರಿಗೆ ಸೇವಂತಿಗೆ ಮಾಲೆ, ಬಾನೆಟ್ಟಿಗೆ ಗಂಧದ ಬೊಟ್ಟು, ಚಕ್ರಗಳ ಅಡಿಗೆ ಒಂದೊಂದು ಲಿಂಬೆಹಣ್ಣು. ಎಂಜಿನ್ನನ್ನು ಎಬ್ಬಿಸುವುದಕ್ಕೇ ಹಿಂದಿನ ದಿನ ಪಕ್ಕದ ಮನೆಯ ಜೀಪು ಬರಬೇಕಾಗಿತ್ತು. ಚಿಕ್ಕಪ್ಪ ಒಂದನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರು. ಕಾರು ಬೆನ್ನು ತಗ್ಗಿಸಿತು, ಗುರುಗುಟ್ಟಿತು, ಕಂಬಳದ ಕರೆಗೆ ಇಳಿಯಲು ಒಲ್ಲದ ಕೋಣದ ಹಾಗೆ ಅಲ್ಲೇ ನಿಂತಿತು. ಲಿಂಬೆಹಣ್ಣಿನ ಸಿಪ್ಪೆ ಕೂಡ ಸುಲಿಯಲಿಲ್ಲ. "ದೃಷ್ಟಿ ಆದದ್ದು" ಎಂದರು ಅಜ್ಜಿ. ಆದದ್ದು ತುಕ್ಕು. ಮೇ ತಿಂಗಳಲ್ಲಿ ಎಳೆದ ಹ್ಯಾಂಡ್‌ಬ್ರೇಕು ಅಕ್ಟೋಬರಿನಲ್ಲಿ ಬಿಡಲು ಒಪ್ಪಿರಲಿಲ್ಲ.

ಕಡಬ ತಾಲೂಕಿನಲ್ಲಿ ಆಲಂಕಾರು, ಕುಂತೂರುಗಳ ಮಗ್ಗುಲಿಗಿರುವ ಊರು ಪೆರಾಬೆ. ಸುತ್ತ ಅಡಿಕೆ ತೋಟ, ರಬ್ಬರು, ಗುಡ್ಡ. ಇಲ್ಲಿ ತುಳುವರ ಬೇಷ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸಿಗೆ ಬರುವ ಪತ್ತನಾಜೆ ವರ್ಷಕ್ಕೊಂದು ಗಡಿ. ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನೇಮ-ಜಾತ್ರೆಗಳು ನಿಲ್ಲುತ್ತವೆ. ಎಷ್ಟೋ ಮನೆಗಳಲ್ಲಿ ಕಾರಿಗೂ ಅದೇ ಲೆಕ್ಕ. ರಜೆಗೆ ಬಂದಿದ್ದ ಬೆಂಗಳೂರಿನ ಮಕ್ಕಳು ವಾಪಸಾಗಿರುತ್ತಾರೆ, ತೋಟದ ನಡುವಿನ ಮಣ್ಣುದಾರಿ ಜೂನ್ ಎರಡನೇ ವಾರಕ್ಕೆ ಕೆಸರಾಗುತ್ತದೆ, ಕಾರು ಶೆಡ್ಡಿಗೆ ಸೇರುತ್ತದೆ. ಮತ್ತೆ ಅದರ ನೆನಪಾಗುವುದು ನವರಾತ್ರಿಗೆ.

ಕಾರನ್ನು ಹೀಗೆ ಮಲಗಿಸುವ ಪದ್ಧತಿ ಚಳಿದೇಶಗಳದ್ದೆಂದು ಪ್ರಸಿದ್ಧ. ಟೊರಾಂಟೊದಲ್ಲೋ ಮಿನಿಯಾಪೊಲಿಸ್‌ನಲ್ಲೋ ಇರುವ ನಮ್ಮೂರ ಹುಡುಗರೂ ಹಿಮ ಬೀಳುವ ಮೊದಲು ತಮ್ಮ ಶೋಕಿಯ ಕಾರನ್ನು ಗ್ಯಾರೇಜಿಗೆ ತಳ್ಳಿ ಏಪ್ರಿಲ್‌ನಲ್ಲಿ ಹೊರತೆಗೆಯುತ್ತಾರೆ. ಅವರಿಗೆ ಭಯ ಹಿಮಗಟ್ಟುವುದರದ್ದು, ರಸ್ತೆಗೆ ಸುರಿಯುವ ಉಪ್ಪಿನದ್ದು. ಆದರೆ ಗ್ಯಾರೇಜಿನೊಳಗೆ ನಿಂತ ಕಾರಿಗೆ ಚಳಿ ಅಷ್ಟೇನೂ ಕೆಟ್ಟ ಒಡನಾಡಿಯಲ್ಲ. ಸೊನ್ನೆ ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳುವ ನೀರಾವಿ ಹೆಚ್ಚೆಂದರೆ 5 ಗ್ರಾಂ. 25 ಡಿಗ್ರಿಯ ನಮ್ಮ ನಡುಮಳೆಗಾಲದ ಆಟಿ ತಿಂಗಳ ಗಾಳಿಗೆ 23 ಗ್ರಾಂ ಹಿಡಿಯುವ ತಾಕತ್ತು, ಮತ್ತು ಅದು ಹೆಚ್ಚುಕಡಿಮೆ ತುಂಬಿಯೇ ಇರುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಜಿಲ್ಲೆ ಇದು. ಗಾಳಿಯ ತೇವ 60 ಶೇಕಡಾ ದಾಟಿದರೆ ಬರಿ ಕಬ್ಬಿಣ ತುಕ್ಕು ಹಿಡಿಯುವ ವೇಗ ಏರತೊಡಗುತ್ತದೆ. ಜುಲೈಯಲ್ಲಿ ಇಲ್ಲಿ 90ರ ಮಾತು. ಹಾಗಾಗಿ ಅವರ ಚಳಿಗಾಲದ ಪಾಠವನ್ನು ನಮ್ಮ ಮಳೆಗಾಲಕ್ಕೆ ಹಾಗೇ ಹೊಲಿದರೆ ಅಳತೆ ಕೂಡುವುದಿಲ್ಲ.

ಮೊದಲು ಬ್ಯಾಟರಿ, ಯಾಕೆಂದರೆ ಮೊದಲು ಸಾಯುವುದು ಅದೇ. 1859ರಲ್ಲಿ ಫ್ರಾನ್ಸಿನ ಗ್ಯಾಸ್ತೋನ್ ಪ್ಲಾಂಟೆ ಮಾಡಿದ ಸೀಸ-ಆಮ್ಲದ ಬ್ಯಾಟರಿಯೇ, ರೂಪ ಬದಲಾದರೂ, ಇವತ್ತಿಗೂ ಬಾನೆಟ್ಟಿನ ಕೆಳಗೆ ಕೂತಿದೆ. ಎರಡು ಚಿಲ್ಲರೆ ವೋಲ್ಟಿನ ಆರು ಕೋಶಗಳು. ತುಂಬಿದ್ದರೆ ಒಟ್ಟು 12.6, ಅರ್ಧ ಇಳಿದರೆ 12.2, ಹನ್ನೆರಡಕ್ಕೆ ಬಂತೆಂದರೆ ಉಳಿದದ್ದು ಕಾಲು ಭಾಗ. ಎಂಜಿನ್ ಆರಿಸಿ ಕೀ ಜೇಬಿಗೆ ಹಾಕಿದ ಮೇಲೂ ಕಾರು ಪೂರ್ತಿ ನಿದ್ದೆ ಹೋಗುವುದಿಲ್ಲ. ಗಡಿಯಾರ, ಕಳ್ಳರ ಅಲಾರಾಂ, ರಿಮೋಟಿನ ಕರೆಗೆ ಕಿವಿಗೊಟ್ಟು ಕೂತ ಬಾಗಿಲು, ಎಂಜಿನ್ನಿನ ಕಂಪ್ಯೂಟರು ಎಲ್ಲವೂ ಸೇರಿ 30 ಮಿಲಿ ಆಂಪಿಯರಿನಷ್ಟು ಹೀರುತ್ತಿರುತ್ತವೆ ಎಂದಿಟ್ಟುಕೊಳ್ಳಿ. ದಿನಕ್ಕೆ 0.72 ಆಂಪಿಯರ್-ಗಂಟೆ. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ಅರ್ಧಕ್ಕಿಳಿಯಲು 24 ದಿನ ಸಾಕು. ಪತ್ತನಾಜೆಯಿಂದ ಎಣಿಸಿದರೆ ಜೂನ್ ನಡು; ಮಳೆಗಾಲ ಆಗಷ್ಟೇ ಶುರುವಾಗಿರುತ್ತದೆ. ಇದರ ಜೊತೆಗೆ ಏನೂ ಹೀರದಿದ್ದರೂ ಬ್ಯಾಟರಿ ತನ್ನಷ್ಟಕ್ಕೆ ಸೋರುವುದೊಂದುಂಟು, ಬಿಸಿ ಹತ್ತು ಡಿಗ್ರಿ ಏರಿದಾಗಲೆಲ್ಲ ಆ ಸೋರಿಕೆ ಇಮ್ಮಡಿ. ಈ ವಿಷಯದಲ್ಲಿ ಟೊರಾಂಟೊದ ಹುಡುಗನೇ ಪುಣ್ಯವಂತ.

ಖಾಲಿಯಾಗುವುದಕ್ಕಿಂತ ಖಾಲಿಯಾಗಿ ಉಳಿಯುವುದು ದೊಡ್ಡ ತೊಂದರೆ. ಬ್ಯಾಟರಿ ಕರೆಂಟು ಕೊಟ್ಟಾಗ ಅದರ ತಗಡುಗಳ ಮೇಲೆ ಸೀಸದ ಸಲ್ಫೇಟು ಮೆತ್ತಗೆ ಕೂರುತ್ತದೆ, ಚಾರ್ಜ್ ಮಾಡಿದರೆ ಕರಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಡಬ್ಬಿಯ ತಳದಲ್ಲಿ ಹರಳುಗಟ್ಟಿದ ಬೆಲ್ಲದ ಹಾಗೆ ಗಟ್ಟಿ ಹರಳಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಅಷ್ಟು ಜಾಗ ಹೋದ ಹಾಗೆಯೇ. ಪಕ್ಕದ ಮನೆಯ ಜೀಪಿನಿಂದ ತಂತಿ ಎಳೆದು ಎಬ್ಬಿಸಿದ ಬ್ಯಾಟರಿ ಎರಡು ದಿನ ನಡೆದು ಮೂರನೇ ದಿನ ಆಲಂಕಾರು ಪೇಟೆಯ ನಡುವೆ ಕೈಕೊಡುವುದು ಇದಕ್ಕೇ.

"ನಾನು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಡುತ್ತಿದ್ದೆನಲ್ಲ" ಎಂದರು ಚಿಕ್ಕಪ್ಪ. ಜೂನ್ ಕೊನೆಯವರೆಗೆ ಮಾಡಿದ್ದರಂತೆ. ಊರಲ್ಲೆಲ್ಲ ಹೀಗೆ ಮಾಡುತ್ತಾರೆ, ಬುದ್ಧಿವಂತರೇ ಹೇಳಿಕೊಡುತ್ತಾರೆ. ನನ್ನ ಪ್ರಕಾರ ಮಲಗಿದ ಕಾರಿಗೆ ಇದಕ್ಕಿಂತ ದೊಡ್ಡ ಉಪದ್ರವಿಲ್ಲ. ಲೆಕ್ಕ ಹಾಕಿ ನೋಡಿ. ವಾರದಲ್ಲಿ ಸೋರಿದ್ದು 5 ಆಂಪಿಯರ್-ಗಂಟೆ. ನಿಂತಲ್ಲೇ ಗುಂಯ್‌ಗುಡುವ ಎಂಜಿನ್ ಬ್ಯಾಟರಿಗೆ ಧಾರಾಳವಾಗಿ 20 ಆಂಪಿಯರ್ ಕೊಟ್ಟಿತೆಂದರೂ ಐದು ನಿಮಿಷಕ್ಕೆ ತುಂಬುವುದು 1.7. ವಾರ ವಾರವೂ ನಷ್ಟವೇ.

ಇನ್ನೊಂದು ನಷ್ಟ ಕಣ್ಣಿಗೆ ಕಾಣದ್ದು. ಪೆಟ್ರೋಲು ಉರಿದರೆ ಹೊಗೆ ಬರುತ್ತದೆಂದು ಎಲ್ಲರಿಗೂ ಗೊತ್ತು, ನೀರು ಬರುತ್ತದೆಂಬುದು ನೆನಪಿರುವುದಿಲ್ಲ. ಒಂದು ಲೀಟರ್ ಪೆಟ್ರೋಲು ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರೇ ಹುಟ್ಟುತ್ತದೆ: ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಕೂಡಿ ಆದ ನೀರು. ದೂರದ ದಾರಿ ಓಡಿದರೆ ಸೈಲೆನ್ಸರ್ ಕಾದು ಅದೆಲ್ಲ ಆವಿಯಾಗಿ ಹೊರಗೆ ಹೋಗುತ್ತದೆ. ಐದೇ ನಿಮಿಷಕ್ಕೆ ಆರಿಸಿದರೆ ತಣ್ಣಗಿನ ಕೊಳವೆಯೊಳಗೆ ಕಾಲು ಲೋಟದಷ್ಟು ನೀರಿನ ಪಸೆ ಮೂಡಿ ಅಲ್ಲೇ ಉಳಿಯುತ್ತದೆ. ಒಂದು ಪಾಲು ಪಿಸ್ಟನ್ನಿನ ಸಂದಿನಿಂದ ಇಳಿದು ಎಂಜಿನ್ ಆಯಿಲಿಗೂ ಸೇರುತ್ತದೆ. ಅಂದರೆ ಹೊರಗಿನ ಮಳೆ ಸಾಲದೆಂದು ಒಳಗೂ ವಾರಕ್ಕೊಮ್ಮೆ ಮಳೆ ಸುರಿಸಿದಂತಾಯಿತು. ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಲು ಆಗುವುದಾದರೆ ಎಬ್ಬಿಸಿ, ಇಲ್ಲವಾದರೆ ಮಲಗಲು ಬಿಡಿ.

ಪೆಟ್ರೋಲಿನ ಬಗ್ಗೆ ಈಗ ಎಲ್ಲರಿಗೂ ಭಯ. 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಈಗ ಹೆಚ್ಚಿನ ಪಂಪುಗಳಲ್ಲಿ ಅದೇ. ಎಥನಾಲಿಗೆ ನೀರೆಂದರೆ ಪ್ರೀತಿ. ಗಾಳಿಯ ತೇವವನ್ನು ಹೀರುತ್ತದೆ, ಮಿತಿ ಮೀರಿ ನೀರು ಸೇರಿದರೆ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಟಾಂಕಿಯ ತಳಕ್ಕೆ ಇಳಿಯುತ್ತದೆ, ಪಂಪು ಹೀರುವುದೂ ತಳದಿಂದಲೇ. ಹೇಳಲು ಭಯಂಕರವಾಗಿದೆ. ಆದರೆ ಈಗಿನ ಕಾರುಗಳ ಟಾಂಕಿ ಭದ್ರ ಮುಚ್ಚಳದ್ದು. ನಾಲ್ಕೈದು ತಿಂಗಳಲ್ಲಿ ಅಷ್ಟು ನೀರು ಒಳಗೆ ಹೋಗುವುದು ಸುಲಭವಲ್ಲ. ಟಾಂಕಿ ತುಂಬಿಸಿಟ್ಟರೆ ಒಳಗೆ ಗಾಳಿಗೆ ಜಾಗವೇ ಇರದು, ಅಲ್ಲಿಗೆ ಮುಗಿಯಿತು. ಕಾರ್ಬ್ಯುರೇಟರಿನ ಹಳೆಯ ಕಾರು, ಬೈಕು, ಹುಲ್ಲು ಕತ್ತರಿಸುವ ಯಂತ್ರಗಳ ಕತೆ ಮಾತ್ರ ಬೇರೆ. ಅವುಗಳ ಬಟ್ಟಲಲ್ಲಿ ಉಳಿದ ಪೆಟ್ರೋಲು ಆರಿ ಗೋಂದಾಗಿ ಸೂಜಿತೂತು ಮುಚ್ಚುತ್ತದೆ. ಹಳೆಯ ರಬ್ಬರು ಪೈಪಿಗೂ ಎಥನಾಲ್ ಆಗಿಬರುವುದಿಲ್ಲ. ಡೀಸೆಲ್ ಜೀಪಿದ್ದವರು ಫಿಲ್ಟರಿನ ಅಡಿಯ ತಿರುಪು ಸಡಿಲಿಸಿ ನೀರು ಇಳಿಸಿದರೆ ಸಾಕು.

ಇಲಿಯ ವಿಷಯಕ್ಕೆ ಬರೋಣ. ಚಿಕ್ಕಪ್ಪನ ಕಾರಿನ ಏರ್ ಫಿಲ್ಟರ್ ಡಬ್ಬಿ ತೆರೆದಾಗ ಸಿಕ್ಕಿದ್ದು ಸೀಟಿನ ಸ್ಪಂಜು, ಅಡಿಕೆ ಸಿಪ್ಪೆ, ಕಳೆದ ವರ್ಷದ ಪಂಚಾಂಗದ ಚೂರುಗಳಿಂದ ಕಟ್ಟಿದ ಒಂದು ಚೆಂದದ ಗೂಡು. ಮಳೆಗಾಲದಲ್ಲಿ ತೋಟದ ಬಿಲಗಳಿಗೆ ನೀರು ನುಗ್ಗಿದಾಗ ಇಲಿಗೆ ಬೇಕಾದ್ದು ಒಣಗಿದ, ಕತ್ತಲಿನ, ನಾಲ್ಕು ಕಡೆ ಮುಚ್ಚಿದ ಜಾಗ. ಬಾನೆಟ್ಟಿನೊಳಗೆ ಅದೆಲ್ಲವೂ ಉಂಟು. ತಂತಿ ಕಡಿಯುವುದು ಹಸಿವಿನಿಂದಲ್ಲ. ಇಲಿಯ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತದೆ, ವರ್ಷಕ್ಕೆ ಹತ್ತು ಸೆಂಟಿಮೀಟರಿಗೂ ಹೆಚ್ಚು. ಏನನ್ನಾದರೂ ಕಡಿದು ಸವೆಸದಿದ್ದರೆ ಬಾಯಿ ಮುಚ್ಚಲಿಕ್ಕಾಗದು. ತೆಂಗಿನಕಾಯಿಯ ಚಿಪ್ಪನ್ನೇ ತೂತು ಮಾಡುವ ಹಲ್ಲಿಗೆ ವಯರಿನ ಮೇಲಿನ ಪ್ಲಾಸ್ಟಿಕ್ ಯಾವ ಲೆಕ್ಕ?

ಹೊಗೆಸೊಪ್ಪು ಕಟ್ಟಿಡುವವರಿದ್ದಾರೆ, ನುಸಿಗುಳಿಗೆ ಹಾಕುವವರಿದ್ದಾರೆ. ಚಿಕ್ಕಪ್ಪ ಎರಡೂ ಮಾಡಿದ್ದರು. ವಾಸನೆ ಹಾರಿಹೋದ ಮೇಲೆ ಇಲಿ ಹೊಗೆಸೊಪ್ಪನ್ನೂ ಗೂಡಿಗೆ ಹಾಸಿಕೊಂಡಿತ್ತು. ಹೆಚ್ಚು ಫಲ ಕೊಡುವುದು ಖರ್ಚಿಲ್ಲದ ಉಪಾಯ: ಬಾನೆಟ್ಟನ್ನು ಎತ್ತಿ ಕೋಲು ಕೊಟ್ಟು ನಿಲ್ಲಿಸುವುದು. ಬೆಳಕು ಬೀಳುವಲ್ಲಿ ಇಲಿ ಸಂಸಾರ ಹೂಡುವುದು ಕಡಿಮೆ. ಅಡಿಕೆ ಗೋಣಿ, ಹಿಂಡಿಯ ಚೀಲಗಳನ್ನೂ ಆ ಶೆಡ್ಡಿನಲ್ಲಿ ಇಡಬಾರದು.

ಹೊರತೆಗೆಯುವ ದಿನ ಒಂದು ವಿಷಯದಲ್ಲಿ ಉದಾಸೀನ ಬೇಡ. ಇಲಿಯ ಮೂತ್ರದಿಂದ ಹರಡುವ ಇಲಿಜ್ವರ ನಮ್ಮ ಜಿಲ್ಲೆಗೆ ಹೊಸತಲ್ಲ. ಅದರ ರೋಗಾಣು ತೇವದಲ್ಲಿ ವಾರಗಟ್ಟಲೆ ಬದುಕುತ್ತದೆ, ಒಣಗಿದರೆ ಬೇಗ ಸಾಯುತ್ತದೆ. ಬರಿಗೈಯಲ್ಲಿ ಗೂಡು ಕೀಳಬೇಡಿ. ಕೈಗವಸು ಹಾಕಿ, ಬ್ಲೀಚಿನ ನೀರಿನಿಂದ ಒರೆಸಿ, ಬಾಗಿಲು ಬಾನೆಟ್ಟು ತೆರೆದು ಕಾರನ್ನು ಒಂದು ಹಗಲು ಬಿಸಿಲಿಗೆ ಬಿಡಿ. ಎ.ಸಿ.ಯ ಗಾಳಿ ಒಳಗೆ ಬರುವ ದಾರಿಯನ್ನೂ ನೋಡಬೇಕು. ಇಲಿಯ ಹಿಂದೆ ಕೇರೆ ಹಾವು ಬಂದಿರುವುದೂ ಉಂಟು, ಅದಕ್ಕೆ ಹೆದರುವ ಅಗತ್ಯವಿಲ್ಲ, ಕೈ ಹಾಕುವ ಮೊದಲು ಬಾನೆಟ್ಟಿಗೆ ನಾಲ್ಕು ಬಡಿದರಾಯಿತು.

ಅದೇ ಬಿಸಿಲು ಬೂಸಲಿಗೂ ಮದ್ದು. ಸ್ಟೀರಿಂಗಿನ ಮೇಲೆ, ಸೀಟ್ ಬೆಲ್ಟಿನ ಮೇಲೆ ಬೆಳ್ಳಗೆ ಬೆಳೆದದ್ದು ನಮ್ಮ ಕೈಯ ಬೆವರು, ಎಣ್ಣೆಯನ್ನು ಉಂಡು ಬೆಳೆದ ಶಿಲೀಂಧ್ರ. ಪ್ಲಾಸ್ಟಿಕ್ ಟಾರ್ಪಾಲು ಹೊದೆಸಿ ಬಿಗಿದು ಕಟ್ಟಿದರೆ ನೆಲದ ತೇವ ಮೇಲೇರಿ ಒಳಗೇ ಸಿಕ್ಕಿಬೀಳುತ್ತದೆ, ಬೂಸಲಿಗೆ ಹಬ್ಬ. ಉಸಿರಾಡುವ ಬಟ್ಟೆಯ ಹೊದಿಕೆ, ಎರಡು ಬೆರಳಿನಷ್ಟು ಇಳಿಸಿದ ಕಿಟಕಿ ಲೇಸು. ಆದರೆ ಅಷ್ಟು ಸಂದಿನಲ್ಲಿ ಇಲಿ ನುಗ್ಗುತ್ತದಲ್ಲ ಎಂದರೆ, ಹೌದು, ಕಿಟಕಿಗೆ ಬಲೆ ಕಟ್ಟಬೇಕಾಗುತ್ತದೆ.

ನಮ್ಮ ಕಡೆಯ ಶೆಡ್ಡಿಗೇ ವಿಶೇಷವಾದ ಒಂದು ಶತ್ರುವನ್ನು ಯಾವ ಕಾರಿನ ಪುಸ್ತಕವೂ ಹೇಳುವುದಿಲ್ಲ: ಮೈಲುತುತ್ತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ಎಲ್ಲರ ಮನೆಯಲ್ಲೂ ಅದು ಇರುತ್ತದೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿ, ಪಾಕ ಸರಿಯಾಯಿತೇ ಎಂದು ನೋಡಲು ಕತ್ತಿ ಅದ್ದುತ್ತೇವಲ್ಲ? ಸುಣ್ಣ ಕಮ್ಮಿಯಾದರೆ ಕತ್ತಿಯ ಮೇಲೆ ಕೆಂಪು ತಾಮ್ರ ಕೂರುತ್ತದೆ. ಅಲ್ಲಿ ನಡೆಯುವುದು ಕಬ್ಬಿಣ ಕರಗಿ ತಾಮ್ರಕ್ಕೆ ಜಾಗ ಬಿಡುವ ಕ್ರಿಯೆ. ಮೈಲುತುತ್ತಿನ ಚೀಲ ಒದ್ದೆಯಾಗಿ ಕಾರಿನ ಡಿಕ್ಕಿಯಲ್ಲೋ ಚಕ್ರದ ಬುಡದಲ್ಲೋ ಸೋರಿದರೆ ಆ ಕತ್ತಿಗೆ ಆದದ್ದೇ ಕಾರಿನ ತಗಡಿಗೂ ಆಗುತ್ತದೆ.

ಈಗ ಲಿಂಬೆಹಣ್ಣು. ಹ್ಯಾಂಡ್‌ಬ್ರೇಕ್ ಎಳೆದಾಗ ಹಿಂಚಕ್ರದ ಕಬ್ಬಿಣದ ಡ್ರಮ್ಮಿಗೆ ಬ್ರೇಕಿನ ಪಟ್ಟಿ ಒತ್ತಿ ಕೂರುತ್ತದೆ. ನಡುವೆ ತೇವ ಸೇರಿ ಡ್ರಮ್ಮಿಗೆ ತುಕ್ಕು ಹತ್ತಿದರೆ ಆ ತುಕ್ಕೇ ಅಂಟಾಗುತ್ತದೆ. ಎಂಜಿನ್ನಿನ ಬಲದಿಂದ ಕಿತ್ತರೆ ಪಟ್ಟಿಯೇ ಕಳಚಿ ಬರಬಹುದು. ನಾವು ಹಿಂದೆ-ಮುಂದೆ ಮೆಲ್ಲಗೆ ತೂಗಿ, ಚಕ್ರ ಕಳಚಿ, ಡ್ರಮ್ಮಿಗೆ ಮರದ ಕೊಡತಿಯಿಂದ ಸುತ್ತ ತಟ್ಟಿದೆವು. ಹತ್ತು ನಿಮಿಷದಲ್ಲಿ ಟಕ್ ಎಂದು ಬಿಟ್ಟಿತು. ಮಲಗಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟಿದ್ದರೆ ಈ ಪ್ರಸಂಗವೇ ಇರುತ್ತಿರಲಿಲ್ಲ. ಮುಂದಿನ ಡಿಸ್ಕಿನ ಮೇಲಿನ ಕಂದು ತುಕ್ಕು ನೋಡಿ ಗಾಬರಿಯಾಗಬೇಡಿ, ನಾಲ್ಕು ಸಲ ಬ್ರೇಕ್ ಒತ್ತಿದರೆ ಉಜ್ಜಿಹೋಗುತ್ತದೆ.

ಗಾಬರಿಯಾಗಬೇಕಾದ್ದು ಬ್ರೇಕ್ ಎಣ್ಣೆಗೆ. ಅದೂ ನೀರು ಹೀರುವ ಜಾತಿಯದೇ. ಡಾಟ್ 3 ದರ್ಜೆಯ ಹೊಸ ಎಣ್ಣೆ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು; ನೂರಕ್ಕೆ ನಾಲ್ಕು ಪಾಲಿಗಿಂತ ಕಮ್ಮಿ ನೀರು ಸೇರಿದರೂ 140ಕ್ಕೇ ಕುದಿಯಬಹುದು. ಊರೊಳಗೆ ಓಡಾಡುವಾಗ ಇದು ಗೊತ್ತಾಗುವುದೇ ಇಲ್ಲ. ದೀಪಾವಳಿ ಮುಗಿಸಿ ಬೆಂಗಳೂರಿಗೆ ಹೊರಟು ಶಿರಾಡಿ ಘಾಟಿ ಹತ್ತುವಾಗಲೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮುಂದಿನ ಸಲ ಇಳಿಯುವಾಗ, ಬ್ರೇಕ್ ಕಾದು ಕಾದು ಎಣ್ಣೆಯಲ್ಲಿ ಗುಳ್ಳೆ ಎದ್ದು ಪೆಡಲ್ ನೆಲಕ್ಕೆ ಇಳಿದಾಗ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ಪುಸ್ತಕಗಳು ಹೇಳುವುದನ್ನು ಈ ಮಳೆಯ ನಾಡಿನಲ್ಲಿ ತಮಾಷೆಗೆ ತೆಗೆದುಕೊಳ್ಳಬಾರದು.

ಟಯರಿಗೆ ಗಾಳಿ ತುಂಬಿಸಿ. ಮೊದಲ ಒಂದೆರಡು ಕಿಲೋಮೀಟರ್ ದಡಬಡ ಅಂದರೆ ನಿಂತು ಚಪ್ಪಟೆಯಾದ ಭಾಗ ಅದು, ಬಿಸಿಯಾದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಈ ಮೇ ತಿಂಗಳಲ್ಲಿ ಚಿಕ್ಕಪ್ಪ ಪತ್ತನಾಜೆಗೆ ಮೊದಲೇ ಎಂಜಿನ್ ಆಯಿಲ್ ಬದಲಿಸಿದರು, ಯಾಕೆಂದರೆ ಹಳೆಯ ಎಣ್ಣೆಯಲ್ಲಿ ಕೂತ ಆಮ್ಲ ಐದು ತಿಂಗಳು ಒಳಗಿನ ಲೋಹವನ್ನು ತಿನ್ನುತ್ತದೆ. ನವರಾತ್ರಿಗೆ ಹೊಸ ಎಣ್ಣೆ ಹಾಕುವುದು ಸ್ನಾನ ಮಾಡಿ ಗದ್ದೆಗೆ ಇಳಿದ ಹಾಗೆ. ಟಾಂಕಿ ತುಂಬಿಸಿದರು, ಚಕ್ರಕ್ಕೆ ಕಲ್ಲು ಕೊಟ್ಟರು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದರು. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಕೊನೆಗೆ; ತಿರುಗುಮುರುಗಾದರೆ ಸ್ಪ್ಯಾನರ್ ಬಾಡಿಗೆ ತಾಗಿ ಕಿಡಿ ಹಾರುತ್ತದೆ. ಹೆಚ್ಚಿನ ಕಾರುಗಳಿಗೆ ಬೇಕಾದ್ದು ಹತ್ತನೇ ನಂಬರಿನ ಒಂದು ಸ್ಪ್ಯಾನರ್, ಎರಡು ನಿಮಿಷದ ಕೆಲಸ.