ಕಾನೂನುಬಾಹಿರ ದಸ್ತಗಿರಿ ಮತ್ತು ಶೋಧನೆ: ನಾಗರಿಕರಿಗೆ ಲಭ್ಯವಿರುವ ಪರಿಹಾರಗಳು

ವ್ಯಕ್ತಿಯನ್ನು ದಸ್ತಗಿರಿ ಮಾಡುವ ಹಾಗೂ ಮನೆಯನ್ನು ಶೋಧಿಸುವ ಅಧಿಕಾರವನ್ನು ಕಾನೂನು ಪೊಲೀಸರಿಗೆ ನೀಡಿದೆ. ಕಾನೂನು ವಿಧಿಸಿದ ಮಿತಿಯೊಳಗೆ ಮಾತ್ರ ಆ ಅಧಿಕಾರವು ಊರ್ಜಿತವಾಗಿರುತ್ತದೆ. ಮಿತಿ ಮೀರಿದಲ್ಲಿ ಬಾಧಿತ ವ್ಯಕ್ತಿಯು ಪರಿಹಾರ ಕೋರಬಹುದಾಗಿದೆ. ಇಂತಹ ಕೋರಿಕೆಯ ಫಲಿತಾಂಶವು ಬಹುಮಟ್ಟಿಗೆ ಎರಡು ಸಂಗತಿಗಳನ್ನು ಅವಲಂಬಿಸಿರುತ್ತದೆ: ಸಕಾಲದಲ್ಲಿ ಪಡೆದ ದಾಖಲೆಗಳು ಮತ್ತು ಕಾಲಮಿತಿಯ ಪಾಲನೆ.

1. ದಸ್ತಗಿರಿಯ ಸಂದರ್ಭದಲ್ಲಿ ಪಾಲಿಸತಕ್ಕ ಕ್ರಮಗಳು

ದಿನಾಂಕ 1-7-2024 ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023 ಜಾರಿಯಲ್ಲಿದೆ. ಅದರನ್ವಯ:

ಅ) ಅಧಿಕಾರಿಯು ತನ್ನ ಹೆಸರು ಸ್ಪಷ್ಟವಾಗಿ ಕಾಣುವಂತೆ ಗುರುತು ಧರಿಸಿರತಕ್ಕದ್ದು. ದಸ್ತಗಿರಿ ಮೆಮೊ ಸಿದ್ಧಪಡಿಸಿ, ಕುಟುಂಬದ ಸದಸ್ಯರು ಅಥವಾ ಸ್ಥಳೀಯ ಗೌರವಾನ್ವಿತ ವ್ಯಕ್ತಿಯೊಬ್ಬರ ಸಹಿ ಪಡೆಯತಕ್ಕದ್ದು (ಕಲಂ 36).

ಆ) ದಸ್ತಗಿರಿಯ ಕಾರಣಗಳನ್ನು ತಿಳಿಸತಕ್ಕದ್ದು (ಕಲಂ 47). ಈ ಕಾರಣಗಳನ್ನು ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025 ರಲ್ಲಿ ತೀರ್ಪು ನೀಡಿದೆ.

ಇ) ಬಂಧುಗಳಿಗೆ ಅಥವಾ ಸ್ನೇಹಿತರಿಗೆ ಮಾಹಿತಿ ನೀಡತಕ್ಕದ್ದು (ಕಲಂ 48). ವಿಚಾರಣೆಯ ವೇಳೆ ವಕೀಲರನ್ನು ಭೇಟಿಯಾಗುವ ಹಕ್ಕು ಇರುತ್ತದೆ (ಕಲಂ 38).

ಈ) ಪ್ರಯಾಣದ ಅವಧಿಯನ್ನು ಹೊರತುಪಡಿಸಿ 24 ಗಂಟೆಗಳೊಳಗೆ ದಂಡಾಧಿಕಾರಿಯವರ ಮುಂದೆ ಹಾಜರುಪಡಿಸತಕ್ಕದ್ದು (ಕಲಂ 58).

2. ಶೋಧನೆಯ ಸಂದರ್ಭದಲ್ಲಿ ಪಾಲಿಸತಕ್ಕ ಕ್ರಮಗಳು

ಮನೆಯ ಶೋಧನೆಯನ್ನು ಸ್ಥಳೀಯ ಸ್ವತಂತ್ರ ಪಂಚರು ಕನಿಷ್ಠ ಇಬ್ಬರ ಸಮಕ್ಷಮ ನಡೆಸತಕ್ಕದ್ದು. ಮನೆಯವರಿಗೆ ಹಾಜರಿರಲು ಅವಕಾಶ ಕೊಟ್ಟು, ಜಪ್ತಿಯಾದ ವಸ್ತುಗಳ ಪಟ್ಟಿಯ ಪ್ರತಿಯನ್ನು ಅವರಿಗೆ ನೀಡತಕ್ಕದ್ದು (ಕಲಂ 103). ಶೋಧನೆ ಹಾಗೂ ಜಪ್ತಿಯನ್ನು ಧ್ವನಿ-ದೃಶ್ಯ ಸಾಧನದಲ್ಲಿ ಚಿತ್ರೀಕರಿಸುವುದು ಕಡ್ಡಾಯ (ಕಲಂ 105). ತನಿಖಾಧಿಕಾರಿಯು ವಾರಂಟಿಲ್ಲದೆ ಶೋಧಿಸುವಾಗ ಅದರ ಕಾರಣಗಳನ್ನು ಮುಂಚಿತವಾಗಿ ಬರೆದಿಡಬೇಕು (ಕಲಂ 185).

3. ಗಮನಿಸಬೇಕಾದ ಅಂಶ

ಪ್ರಕರಣವು ಖುಲಾಸೆಯಾದ ಮಾತ್ರಕ್ಕೆ ದಸ್ತಗಿರಿಯು ಕಾನೂನುಬಾಹಿರವೆನಿಸುವುದಿಲ್ಲ. ದಸ್ತಗಿರಿಯ ಸಮಯದಲ್ಲಿ ಸಕಾರಣವಿತ್ತೇ, ವಿಧಿಸಿದ ಕ್ರಮವನ್ನು ಪಾಲಿಸಲಾಯಿತೇ ಎಂಬುದನ್ನು ನ್ಯಾಯಾಲಯವು ಪರಿಶೀಲಿಸುತ್ತದೆ. ಅಂತೆಯೇ, ಶೋಧನೆಯಲ್ಲಿ ಲೋಪವಿದ್ದರೂ ದೊರೆತ ಸಾಕ್ಷ್ಯವು ತಾನಾಗಿಯೇ ತಿರಸ್ಕೃತವಾಗುವುದಿಲ್ಲ. ಆದರೆ ಆ ಲೋಪವು ಪರಿಹಾರದ ಕೋರಿಕೆಗೆ ಆಧಾರವಾಗಬಹುದು.

4. ಯಾವ ಪರಿಹಾರಕ್ಕೆ ಎಲ್ಲಿ ಅರ್ಜಿ

ಅ) ಉಚ್ಚ ನ್ಯಾಯಾಲಯ: ವ್ಯಕ್ತಿಯು ಇನ್ನೂ ಅಕ್ರಮ ಬಂಧನದಲ್ಲಿದ್ದರೆ ಸಂವಿಧಾನದ 226ನೇ ಅನುಚ್ಛೇದದಡಿ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಬಹುದು. ಮೂಲಭೂತ ಹಕ್ಕಿನ ಉಲ್ಲಂಘನೆಯು ಸ್ಪಷ್ಟವಾಗಿದ್ದಲ್ಲಿ ಇದೇ ಅನುಚ್ಛೇದದಡಿ ಪರಿಹಾರ ಧನವನ್ನೂ ಕೋರಬಹುದು. ಬೆಂಗಳೂರಿನ ಪ್ರಧಾನ ಪೀಠವಲ್ಲದೆ ಧಾರವಾಡ ಮತ್ತು ಕಲಬುರಗಿಯಲ್ಲಿಯೂ ಪೀಠಗಳಿವೆ.

ಆ) ಸಿವಿಲ್ ನ್ಯಾಯಾಲಯ: ಆದ ನಷ್ಟ, ಮಾನಹಾನಿ ಹಾಗೂ ಯಾತನೆಗೆ ಸಾಕ್ಷ್ಯಾಧಾರಗಳೊಂದಿಗೆ ಪೂರ್ಣ ಪ್ರಮಾಣದ ಪರಿಹಾರ ಕೋರಿ ದಾವಾ ಹೂಡಬಹುದು. 1994 ರಲ್ಲಿ ಕೇರಳ ಪೊಲೀಸರಿಂದ ದಸ್ತಗಿರಿಯಾಗಿದ್ದ ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ ಸರ್ವೋಚ್ಚ ನ್ಯಾಯಾಲಯವು 2018 ರಲ್ಲಿ ರೂ. 50 ಲಕ್ಷ ಪರಿಹಾರ ನೀಡಿ, ಹೆಚ್ಚಿನ ಮೊತ್ತಕ್ಕೆ ಸಿವಿಲ್ ದಾವೆಯನ್ನು ಮುಂದುವರಿಸಲು ಸ್ವಾತಂತ್ರ್ಯವಿದೆಯೆಂದು ಸ್ಪಷ್ಟಪಡಿಸಿತು.

ಇ) ದಂಡಾಧಿಕಾರಿ ನ್ಯಾಯಾಲಯ: ಖಾಸಗಿ ವ್ಯಕ್ತಿಯೊಬ್ಬನು ಸಾಕಷ್ಟು ಆಧಾರವಿಲ್ಲದೆ ಮತ್ತೊಬ್ಬರನ್ನು ದಸ್ತಗಿರಿ ಮಾಡಿಸಿದ್ದಲ್ಲಿ, ಆತನಿಂದ ರೂ. 1,000 ದವರೆಗೆ ಪರಿಹಾರ ಕೊಡಿಸಬಹುದು (ಕಲಂ 399).

ಈ) ಪೊಲೀಸ್ ದೂರು ಪ್ರಾಧಿಕಾರ: ಕರ್ನಾಟಕ ಪೊಲೀಸ್ ಅಧಿನಿಯಮಕ್ಕೆ 2012 ರಲ್ಲಿ ತಂದ ತಿದ್ದುಪಡಿಯು ರಾಜ್ಯ ಹಾಗೂ ಜಿಲ್ಲಾ ಮಟ್ಟದಲ್ಲಿ ಇದಕ್ಕೆ ಅವಕಾಶ ಕಲ್ಪಿಸಿದೆ. ಪೊಲೀಸರ ದುರ್ವರ್ತನೆಯ ವಿರುದ್ಧ ಇಲ್ಲಿ ದೂರು ನೀಡಬಹುದು.

ಉ) ಮಾನವ ಹಕ್ಕುಗಳ ಆಯೋಗ: ಆಯೋಗವು ವಿಚಾರಣೆ ನಡೆಸಿ ಪರಿಹಾರಕ್ಕೆ ಸರ್ಕಾರಕ್ಕೆ ಶಿಫಾರಸು ಮಾಡಬಹುದು.

ಪ್ರಾಧಿಕಾರಕ್ಕೆ ಅಥವಾ ಆಯೋಗಕ್ಕೆ ದೂರು ನೀಡಿದ್ದರಿಂದ ಸಿವಿಲ್ ದಾವೆಯ ಕಾಲಮಿತಿಯು ನಿಲ್ಲುವುದಿಲ್ಲ.

5. ಕಾಲಮಿತಿ ಮತ್ತು ಪೂರ್ವ ನೋಟಿಸು

ಅಕ್ರಮ ಬಂಧನದ ಪರಿಹಾರ ದಾವೆಯನ್ನು ಬಂಧನವು ಕೊನೆಗೊಂಡ ದಿನದಿಂದ 1 ವರ್ಷದೊಳಗೆ ಹೂಡತಕ್ಕದ್ದು. ಕಾನೂನಿನನ್ವಯ ಕೈಗೊಂಡ ಕ್ರಮವೆಂದು ಹೇಳಲಾಗುವ ಕೃತ್ಯಗಳಿಗೂ, ಉದಾಹರಣೆಗೆ ಶೋಧನೆಗೆ, ಕೃತ್ಯದ ದಿನದಿಂದ 1 ವರ್ಷವನ್ನೇ ಎಣಿಸುವುದು ಸುರಕ್ಷಿತ. ಮಾನವ ಹಕ್ಕುಗಳ ಆಯೋಗಕ್ಕೂ ಘಟನೆಯಿಂದ 1 ವರ್ಷದ ಮಿತಿಯಿದೆ.

ಸರ್ಕಾರದ ಅಥವಾ ಅಧಿಕಾರಿಯ ವಿರುದ್ಧ ದಾವಾ ಹೂಡುವ ಮುನ್ನ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 80 ರಂತೆ 2 ತಿಂಗಳ ನೋಟಿಸು ನೀಡುವುದು ಅವಶ್ಯ. ಈ ನೋಟಿಸಿನ ಅವಧಿಯನ್ನು ಕಾಲಮಿತಿಯ ಲೆಕ್ಕದಿಂದ ಹೊರತುಪಡಿಸಲಾಗುತ್ತದೆ. ಆದಾಗ್ಯೂ ಕೊನೆಯ ದಿನದವರೆಗೆ ಕಾಯುವುದು ಸೂಕ್ತವಲ್ಲ. ಕರ್ತವ್ಯದ ನೆಪದಲ್ಲಿ ಅಥವಾ ಅಧಿಕಾರ ಮೀರಿ ಮಾಡಿದ ಕೃತ್ಯಕ್ಕೆ ಪೊಲೀಸ್ ಅಧಿಕಾರಿಯ ವಿರುದ್ಧ ದಾವಾ ಅಥವಾ ಅಭಿಯೋಜನೆ ಹೂಡಲು, ಕರ್ನಾಟಕ ಪೊಲೀಸ್ ಅಧಿನಿಯಮ, 1963 ರ ಕಲಂ 170 ರನ್ವಯ ಸರ್ಕಾರದ ಪೂರ್ವ ಮಂಜೂರಾತಿ ಬೇಕಾಗುತ್ತದೆ.

6. ಸಂಗ್ರಹಿಸಬೇಕಾದ ದಾಖಲೆಗಳು

- ದಸ್ತಗಿರಿ ಮೆಮೊ ಹಾಗೂ ಕಾರಣಗಳ ಲಿಖಿತ ಪ್ರತಿ
- ಶೋಧನಾ ಮಹಜರು ಮತ್ತು ಜಪ್ತಿ ಪಟ್ಟಿ
- ವೈದ್ಯಕೀಯ ಪರೀಕ್ಷೆಯ ವರದಿ
- ಪ್ರಥಮ ವರ್ತಮಾನ ವರದಿ, ರಿಮ್ಯಾಂಡ್ ಅರ್ಜಿ ಹಾಗೂ ನ್ಯಾಯಾಲಯದ ಆದೇಶದ ಪ್ರತಿಗಳು
- ಕೆಲಸ, ಸಂಬಳ ಅಥವಾ ವ್ಯಾಪಾರದಲ್ಲಿ ಆದ ನಷ್ಟಕ್ಕೆ ಪುರಾವೆ

ಠಾಣೆಯ ಸಿ.ಸಿ.ಟಿ.ವಿ. ಚಿತ್ರಣವು ಬಂಧನದ ದಿನ ಮತ್ತು ಗಂಟೆಯನ್ನು ರುಜುವಾತುಪಡಿಸಲು ನೆರವಾಗುತ್ತದೆ. ಚಿತ್ರಣವನ್ನು ಶಾಶ್ವತವಾಗಿ ಸಂರಕ್ಷಿಸಲಾಗುವುದಿಲ್ಲವಾದ್ದರಿಂದ, ಅದನ್ನು ಕಾಯ್ದಿರಿಸುವಂತೆ ಬಿಡುಗಡೆಯಾದ ಕೂಡಲೇ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯುವುದು ಅಗತ್ಯ. ವ್ಯಕ್ತಿಯು ಬಂಧನದಲ್ಲಿರುವಾಗ ಆತನ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು, ಮಾಹಿತಿ ಹಕ್ಕು ಅಧಿನಿಯಮ, 2005 ರಡಿ ಅರ್ಜಿ ತಲುಪಿದ 48 ಗಂಟೆಗಳೊಳಗೆ ಒದಗಿಸತಕ್ಕದ್ದು.

7. ಉಚಿತ ಕಾನೂನು ನೆರವು

ಅಭಿರಕ್ಷೆಯಲ್ಲಿರುವ ವ್ಯಕ್ತಿಗಳು, ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದವರು ಆದಾಯವನ್ನು ಪರಿಗಣಿಸದೆಯೇ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಸಹಾಯವಾಣಿ ಸಂಖ್ಯೆ: 15100.