ಹಳೇ ಲೆಕ್ಕದ ಸಾಫ್ಟ್‌ವೇರ್ ಯಾವ ಓಎಸ್‌ಗೆ ಸಾಗಿಸಬೇಕು?

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿಯಲ್ಲಿ ನಿಂತಿತು. ವಿಂಡೋಸ್ 10ರದ್ದು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ದೇವನಕೊಂಡ, ಪತ್ತಿಕೊಂಡ, ಆದೋನಿ ಕಡೆ ದಲಾಲಿ ಅಂಗಡಿಯೋ ಗೊಬ್ಬರದ ಅಂಗಡಿಯೋ ನಡೆಸುತ್ತಾ, ಯಾರೋ ಎಂದೋ ಬರೆದುಕೊಟ್ಟ ಬಿಲ್ಲಿಂಗ್ ಸಾಫ್ಟ್‌ವೇರನ್ನೇ ನಂಬಿಕೊಂಡವರು ನೀವಾದರೆ, ಈ ಮಾಹಿತಿ ನಿಮಗೆ.

ಒಂದು ಆಪರೇಟಿಂಗ್ ಸಿಸ್ಟಮ್‌ಗಾಗಿ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಚಿಕ್ಕದಾಗಿ ಓಎಸ್) ಬರೆದ ಸಾಫ್ಟ್‌ವೇರನ್ನು ಇನ್ನೊಂದರಲ್ಲಿ ಓಡುವಂತೆ ಮಾಡುವುದಕ್ಕೆ ಪೋರ್ಟಿಂಗ್ ಅನ್ನುತ್ತಾರೆ. ಯಾವ ಓಎಸ್ ಒಳ್ಳೆಯದು ಎಂದು ಮೊದಲೇ ಕೇಳಬೇಡಿ. ನಿಮ್ಮ ಸಾಫ್ಟ್‌ವೇರ್ ಯಾವುದರ ಮೇಲೆಲ್ಲ ನಿಂತಿದೆ ಎಂದು ನೋಡಿ. ಉತ್ತರ ಅಲ್ಲಿಂದಲೇ ಬರುತ್ತದೆ.

ಮೊದಲು ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರ್ ಬರೆದ ಮೂಲ ಬರಹ, ನಿಮ್ಮ ಬಳಿ ಇದೆಯೇ? ಬರೀ ಇಎಕ್ಸ್‌ಇ ಫೈಲ್ ಇದ್ದರೆ ಪೋರ್ಟಿಂಗ್ ಮಾತೇ ಇಲ್ಲ. ವಿಂಡೋಸ್‌ನಲ್ಲೇ ಉಳಿಯುವುದು ಮೇಲು. 32 ಬಿಟ್ ಪ್ರೋಗ್ರಾಂ ಆದರೆ ವಿಂಡೋಸ್ 11ರಲ್ಲಿ ಸಾಮಾನ್ಯವಾಗಿ ಓಡುತ್ತದೆ. ಡಾಸ್ ಕಾಲದ 16 ಬಿಟ್ ಪ್ರೋಗ್ರಾಂ ಅದರಲ್ಲಿ ನೇರವಾಗಿ ಓಡುವುದಿಲ್ಲ. ಅಂಥದ್ದಕ್ಕೆ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶವಿದೆ. ಇಲ್ಲವೇ ವರ್ಚುವಲ್‌ಬಾಕ್ಸ್ ಹಾಕಿ, ಕಂಪ್ಯೂಟರಿನ ಒಳಗೇ ಇನ್ನೊಂದು ಕಂಪ್ಯೂಟರ್ ಸೃಷ್ಟಿಸಿ, ಹಳೇ ವಿಂಡೋಸನ್ನು ಅದರಲ್ಲಿ ಇಡಬಹುದು. ಅದಕ್ಕೆ ನೆಟ್ ಸಂಪರ್ಕ ಮಾತ್ರ ಕೊಡಬೇಡಿ.

ಲಿನಕ್ಸ್ ಎಂಬ ಉಚಿತ ಓಎಸ್‌ನಲ್ಲಿ ವಿಂಡೋಸ್ ಪ್ರೋಗ್ರಾಂ ಓಡಿಸಲು ವೈನ್ ಎಂಬ ತಂತ್ರಾಂಶ ಇದೆಯಲ್ಲ ಎನ್ನಬಹುದು. ಇದೆ, 1993ರಿಂದಲೂ ಇದೆ. ಆದರೆ ಡಾಂಗಲ್ (ಯುಎಸ್‌ಬಿ ಕಿಂಡಿಗೆ ಚುಚ್ಚುವ ಬೀಗ) ಇರುವ ಸಾಫ್ಟ್‌ವೇರ್ ಅದರಲ್ಲಿ ಬಹಳ ಸಲ ಮುಗ್ಗರಿಸುತ್ತದೆ. ದಿನದ ವಹಿವಾಟನ್ನು ವೈನ್ ಮೇಲೆ ಬಿಡಿ ಎಂದು ನಾನಂತೂ ಹೇಳಲಾರೆ.

ಸೋರ್ಸ್ ಕೋಡ್ ಇದ್ದರೆ, ಯಾವ ಭಾಷೆಯಲ್ಲಿ ಬರೆದಿದೆ ಎಂಬುದು ಮುಖ್ಯ. ಜಾವಾ, ಪೈಥಾನ್ ಆದರೆ ಲಿನಕ್ಸ್‌ಗೆ ತರುವುದು ಅಷ್ಟು ಕಷ್ಟವಲ್ಲ. ಡಾಟ್‌ನೆಟ್‌ನ ಹೊಸ ಆವೃತ್ತಿಗಳು ಲಿನಕ್ಸ್‌ನಲ್ಲೂ ಓಡುತ್ತವೆ, ಆದರೆ ವಿನ್‌ಫಾರ್ಮ್ಸ್‌ನಲ್ಲಿ ಮಾಡಿದ ಪರದೆಗಳು ಬರುವುದಿಲ್ಲ. ವಿಬಿ6, ಫಾಕ್ಸ್‌ಪ್ರೊ ಆಗಿದ್ದರೆ ಹೊಸದಾಗಿ ಬರೆಸಬೇಕಾದೀತು. ಆಗ ಸಾಗಿಸಬೇಕಾದ್ದು ಪ್ರೋಗ್ರಾಂ ಅಲ್ಲ, ಅದರೊಳಗಿನ ಲೆಕ್ಕ. ಫಾಕ್ಸ್‌ಪ್ರೊದ ಡಿಬಿಎಫ್ ಫೈಲುಗಳನ್ನು ಬಹುಮಟ್ಟಿಗೆ ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶದಲ್ಲೇ ತೆರೆದು ನೋಡಬಹುದು.

ಎಲ್ಲರೂ ಮರೆಯುವುದು ಅಕ್ಷರಗಳನ್ನು. ನಮ್ಮ ಕಡೆ ರೈತರ ಹೆಸರು ಕನ್ನಡದಲ್ಲೂ ಇರುತ್ತದೆ, ತೆಲುಗಿನಲ್ಲೂ ಇರುತ್ತದೆ. ಹಳೇ ನುಡಿ ಫಾಂಟಿನಲ್ಲೋ ತೆಲುಗಿನ ಅನು ಫಾಂಟಿನಲ್ಲೋ ತುಂಬಿಸಿದ ಹೆಸರು ಕಂಪ್ಯೂಟರಿಗೆ ಕನ್ನಡವೂ ಅಲ್ಲ, ತೆಲುಗೂ ಅಲ್ಲ. ಅದರ ಪಾಲಿಗೆ ಅವು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಫಾಂಟ್ ಇಲ್ಲದ ಕಡೆ ಅವೆಲ್ಲ ಅರ್ಥವಿಲ್ಲದ ಗೀಚಾಗಿ ಕಾಣುತ್ತವೆ. ಓಎಸ್ ಬದಲಿಸುವ ಮೊದಲೇ ಇವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಯೂನಿಕೋಡ್‌ನಲ್ಲಿ ಎರಡೂ ಲಿಪಿಗೆ ಬೇರೆ ಬೇರೆ ಜಾಗವಿರುವುದರಿಂದ ಒಂದೇ ಬಿಲ್ಲಿನಲ್ಲಿ ಎರಡೂ ಕೂರುತ್ತವೆ. ಕನ್ನಡದ ಹೆಸರುಗಳಿಗೆ ನುಡಿ ತಂತ್ರಾಂಶದಲ್ಲೇ ಪರಿವರ್ತಕ ಇದೆ. ಒತ್ತಕ್ಷರ, ಅರ್ಕಾವತ್ತುಗಳನ್ನು ಮಾತ್ರ ಕಣ್ಣಿಟ್ಟು ತಿದ್ದಿ.

ಲಿನಕ್ಸ್‌ನಲ್ಲಿ ಕನ್ನಡ ಸರಿಯಾಗಿ ಬರುತ್ತದೆಯೇ ಎಂಬ ಅನುಮಾನ ಬೇಡ. ಕೇರಳದ ಸರ್ಕಾರಿ ಶಾಲೆಗಳ ಲ್ಯಾಬುಗಳಲ್ಲಿ ಇರುವುದು ಉಬುಂಟು ಆಧರಿಸಿದ ಕೈಟ್ ಲಿನಕ್ಸ್. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ನುಡಿಯಲ್ಲಿ ಟೈಪ್ ಮಾಡಿ ರೂಢಿಯಾದ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನ ಸೆಟ್ಟಿಂಗ್‌ನಲ್ಲೇ ಸಿಗುತ್ತದೆ.

ಇನ್ನು ಪ್ರಿಂಟರ್. ನಿಮ್ಮ ಡಾಟ್ ಮ್ಯಾಟ್ರಿಕ್ಸ್‌ಗೆ, ಥರ್ಮಲ್ ಪ್ರಿಂಟರಿಗೆ ಡ್ರೈವರ್ (ಯಂತ್ರವನ್ನು ಓಎಸ್‌ಗೆ ಪರಿಚಯಿಸುವ ತಂತ್ರಾಂಶ) ಇದೆಯೇ ಎಂದು ಕಂಪನಿಯ ಜಾಲತಾಣದಲ್ಲಿ ನೋಡಿ. ಪ್ರೋಗ್ರಾಮರ್‌ಗೆ ಒಂದು ಮಾತು: ಲಿನಕ್ಸ್‌ನಲ್ಲಿ ಫೈಲ್ ಹೆಸರಿನ ಇಂಗ್ಲಿಷ್ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ವಿಂಡೋಸ್‌ನಲ್ಲಿ ಸುಮ್ಮನೆ ಓಡುತ್ತಿದ್ದದ್ದು ಇಲ್ಲಿ ಫೈಲ್ ಸಿಗಲಿಲ್ಲ ಎಂದು ನಿಂತುಬಿಡುತ್ತದೆ.

ಹೇಗೂ ಹೊಸದಾಗಿ ಬರೆಸುವುದಾದರೆ ಬ್ರೌಸರಿನಲ್ಲಿ ತೆರೆಯುವಂತೆ ಬರೆಸಿ. ಅಂಗಡಿಯ ಒಂದು ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಅದನ್ನೇ ಸರ್ವರ್ ಮಾಡಿದರೆ, ಗುಮಾಸ್ತರು ವೈಫೈ ಮೂಲಕ ಫೋನಿನಲ್ಲೇ ಬಿಲ್ಲು ಹಾಕಬಹುದು. ಹೊರಗಿನ ಇಂಟರ್ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಆ ಕಂಪ್ಯೂಟರಿಗೂ ವೈಫೈ ಡಬ್ಬಿಗೂ ಯುಪಿಎಸ್ ಇರಲಿ. ನನ್ನ ಒಲವು ಇದರ ಕಡೆಗೇ.

ಖರ್ಚಿನ ಮಾತು. ಉಬುಂಟು ಎಂಬ ಲಿನಕ್ಸ್ ಉಚಿತ. ಅದರ ಜಾಲತಾಣದಿಂದ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿದರೆ, ಇನ್‌ಸ್ಟಾಲ್ ಮಾಡದೆಯೇ ಓಡಿಸಿ ನೋಡಬಹುದು. ಪ್ರಿಂಟರ್ ಪರೀಕ್ಷೆ ಆಗಲೇ ಮುಗಿಸಿಬಿಡಿ. ಎಲ್‌ಟಿಎಸ್ ಎಂದು ಬರೆದದ್ದನ್ನೇ ಆರಿಸಿ, ಅದಕ್ಕೆ ಐದು ವರ್ಷ ಅಪ್‌ಡೇಟ್ ಸಿಗುತ್ತದೆ. ವಿಂಡೋಸ್ 11ಕ್ಕೆ ಲೈಸೆನ್ಸ್ ಜೊತೆಗೆ 4 ಜಿಬಿ ರ‍್ಯಾಮ್, ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಬೇಕು. ಹಳೇ ಯಂತ್ರದಲ್ಲಿ ಅದಿಲ್ಲದಿದ್ದರೆ ಹೊಸ ಕಂಪ್ಯೂಟರಿನ ಬೆಲೆಯನ್ನೂ ಸೇರಿಸಿಕೊಳ್ಳಿ. ದುಡ್ಡು ಹೆಚ್ಚು ಹೋಗುವುದು ಪ್ರೋಗ್ರಾಮರ್ ಕೂಲಿಗೆ. ಒಪ್ಪಂದ ಮಾಡುವಾಗಲೇ ಸೋರ್ಸ್ ಕೋಡ್ ನನಗೆ ಕೊಡಬೇಕು ಎಂದು ಬರೆಸಿಕೊಳ್ಳಿ. ಹತ್ತಿ, ಶೇಂಗಾ ಸುಗ್ಗಿಯಲ್ಲಿ ಬದಲಾವಣೆಗೆ ಕೈ ಹಾಕಬೇಡಿ. ಬಿಡುವಿನ ಒಂದು ತಿಂಗಳು ಹಳತು, ಹೊಸತು ಎರಡರಲ್ಲೂ ಬಿಲ್ಲು ಹಾಕಿ, ತಿಂಗಳ ಕೊನೆಯಲ್ಲಿ ಎರಡರ ಮೊತ್ತ ತಾಳೆ ನೋಡಿ.